ಬೇಸಿಗೆಯ ಬೆಟ್ಟದಲ್ಲಿ ಚಳಿ: ಪದರ ಉಡುಪಿನ ವಿಜ್ಞಾನ

ಬೇಸಿಗೆ ರಜೆ ಬಂತೆಂದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು, ಅವರೊಡನೆ ಕೆಲವು ಅಧ್ಯಾಪಕರೂ ಹಿಮಾಲಯದ ಚಾರಣಕ್ಕೆ ಹೊರಡುವುದುಂಟು. ಹಾಗೆ ಹೋಗುವವರಿಗೆ ಪರಿಚಿತವಾದ ದಾರಿಗಳಲ್ಲಿ ಸರ್ ಪಾಸ್ ಒಂದು. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಕಸೋಲ್‌ನಿಂದ ಹೊರಟು, ಕೆಲವು ದಿನ ಏರುತ್ತ ಹೋಗಿ, ಸುಮಾರು 4,200 ಮೀಟರ್ ಎತ್ತರದಲ್ಲಿ ಬೆಟ್ಟದ ಸಾಲನ್ನು ದಾಟಿ ಆಚೆ ಬದಿಗೆ ಇಳಿಯುವ ದಾರಿ ಇದು. ಮೇ ತಿಂಗಳಿನಲ್ಲಿ ಕೆಳಗೆ ಸುಡುವ ಬಿಸಿಲು, ಮೇಲೆ ಕಾಲು ಹೂತುಹೋಗುವ ಹಿಮ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ಒಬ್ಬ ಗಟ್ಟಿಮುಟ್ಟಾದ ತರುಣನಿದ್ದ. ಹತ್ತಿಯ ಬನಿಯನ್, ಅದರ ಮೇಲೆ ದಪ್ಪನೆಯ ಜರ್ಕಿನ್, ಕಾಲಿಗೆ ಜೀನ್ಸ್. ನಸುಕಿನ ಚಳಿಗೆಂದು ಹಾಕಿಕೊಂಡ ಜರ್ಕಿನ್ನನ್ನು ಏರುದಾರಿಯುದ್ದಕ್ಕೂ ತೆಗೆಯಲಿಲ್ಲ. ಎಲ್ಲರಿಗಿಂತ ಮೊದಲು ಮೇಲೆ ತಲುಪಿದವನು ಸೆಕೆಯೆಂದು ಅದನ್ನು ಬಿಚ್ಚಿ, ಹಿಂದಿನವರಿಗಾಗಿ ಕಾಯುತ್ತ ಗಾಳಿಗೆ ಮೈಯೊಡ್ಡಿ ಕುಳಿತ. ನಾವು ಹೋಗಿ ಸೇರುವಷ್ಟರಲ್ಲಿ ಗಡಗಡ ನಡುಗುತ್ತಿದ್ದ, ಮಾತು ತೊದಲುತ್ತಿತ್ತು, ಜಿಪ್ಪನ್ನು ಎಳೆಯಲು ಬೆರಳುಗಳು ಬಗ್ಗುತ್ತಿರಲಿಲ್ಲ. ಬನಿಯನ್ ಹಿಂಡಿದರೆ ನೀರು ಇಳಿಯುವಂತಿತ್ತು. ಮಳೆಯೇನೂ ಬಂದಿರಲಿಲ್ಲ, ಅದೆಲ್ಲ ಅವನದೇ ಬೆವರು! ಬಂಡೆಯ ಮರೆಗೆ ಕರೆದೊಯ್ದು, ಒಣ ಬಟ್ಟೆ ತೊಡಿಸಿ, ಸ್ವೆಟರುಗಳನ್ನು ಹೊದಿಸಿ, ಫ್ಲಾಸ್ಕಿನಲ್ಲಿದ್ದ ಬಿಸಿ ಸಿಹಿ ಚಹಾ ಕುಡಿಸಿದ ಮೇಲೆ ನಿಧಾನವಾಗಿ ಚೇತರಿಸಿಕೊಂಡ.

ಅವನಲ್ಲಿ ಬಟ್ಟೆಗೆ ಕೊರತೆಯಿರಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಬಟ್ಟೆಗೆ ತನ್ನದೇ ಆದ ಶಾಖವಿಲ್ಲ. ಶಾಖ ಹುಟ್ಟುವುದು ನಮ್ಮ ದೇಹದಲ್ಲಿ. ಸುಮ್ಮನೆ ಕುಳಿತ ವಯಸ್ಕನ ದೇಹ ಸುಮಾರು 100 ವಾಟ್‌ನಷ್ಟು, ಅಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು ಶಾಖವನ್ನು ಹೊರಹಾಕುತ್ತದೆ. ಬೆನ್ನಿಗೆ ಹೊರೆ ಹೊತ್ತು ಕಡಿದಾದ ದಾರಿ ಏರುವಾಗ ಇದು 500 ವಾಟ್ ದಾಟಬಹುದು. ಕುಳಿತವನ ಚಳಿಗೆ ತಕ್ಕ ಉಡುಪು ಏರುವವನಿಗೆ ಕುಲುಮೆಯಂತಾಗುವುದು ಇದರಿಂದಲೇ. ದೇಹ ಬೆವರಿ ತಣಿಯಲು ನೋಡುತ್ತದೆ. ಚರ್ಮದ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. 400 ವಾಟ್ ಶಾಖವನ್ನು ಬೆವರಿನ ಮೂಲಕವೇ ಕಳೆಯಬೇಕಾದರೆ ಗಂಟೆಗೆ ಸುಮಾರು 600 ಮಿಲಿಲೀಟರ್ ಬೆವರು ಆವಿಯಾಗಬೇಕು. ಮುಚ್ಚಿದ ಜರ್ಕಿನ್ನಿನೊಳಗೆ ಅದು ಆವಿಯಾಗಿ ಹೋಗುವುದೆಲ್ಲಿಗೆ? ಬನಿಯನ್ನಿನಲ್ಲಿಯೇ ಉಳಿಯುತ್ತದೆ.

ಹೀಗೆ ಉಳಿದ ನೀರಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಬನಿಯನ್ನಿನಲ್ಲಿ ಕಾಲು ಲೀಟರ್ ಬೆವರು ನಿಂತಿದೆ ಎನ್ನೋಣ. ಅದು ಪೂರ್ತಿ ಆವಿಯಾಗಲು ಸುಮಾರು 600 ಕಿಲೋಜೂಲ್ ಬೇಕು. 60 ಕಿಲೋಗ್ರಾಂ ತೂಕದ ದೇಹದ ಸರಾಸರಿ ವಿಶಿಷ್ಟೋಷ್ಣವನ್ನು ಕಿಲೋಗ್ರಾಂಗೆ 3.5 ಕಿಲೋಜೂಲ್ ಎಂದಿಟ್ಟುಕೊಂಡರೆ, ಆ ದೇಹದ ತಾಪವನ್ನು ಒಂದು ಡಿಗ್ರಿ ಇಳಿಸಲು 210 ಕಿಲೋಜೂಲ್ ಕಳೆದರೆ ಸಾಕು. ಅಷ್ಟೂ ಶಾಖ ದೇಹದಿಂದಲೇ ಹೋದರೆ ಸುಮಾರು ಮೂರು ಡಿಗ್ರಿ ಇಳಿಕೆ! ವಾಸ್ತವದಲ್ಲಿ ಸ್ವಲ್ಪ ಶಾಖ ಗಾಳಿ ಬಿಸಿಲುಗಳಿಂದಲೂ ಬರುತ್ತದೆ, ದೇಹವೂ ಉತ್ಪಾದಿಸುತ್ತಲೇ ಇರುತ್ತದೆ; ಆದ್ದರಿಂದ ಇಳಿಕೆ ಇಷ್ಟಾಗದು. ಆದರೆ 37 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ದೇಹದ ಒಳತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅದೇ ಹೈಪೊಥರ್ಮಿಯ. ನಮಗಿರುವ ಅಂತರ ಎರಡೇ ಡಿಗ್ರಿ ಎಂಬುದನ್ನು ಮರೆಯುವಂತಿಲ್ಲ. ಇಷ್ಟಲ್ಲದೆ, ಒದ್ದೆ ಬಟ್ಟೆಯ ರಂಧ್ರಗಳಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದಿರುತ್ತದೆ. ನಿಶ್ಚಲ ಗಾಳಿಗಿಂತ ನೀರು ಸುಮಾರು 24 ಪಟ್ಟು ಉತ್ತಮ ಉಷ್ಣವಾಹಕ. ಬಟ್ಟೆ ಮೈಮೇಲಿದ್ದರೂ ಅದರ ಕೆಲಸ ನಿಂತುಹೋಗಿರುತ್ತದೆ.

ಬೆಟ್ಟದ ಹವೆಯೂ ಇದಕ್ಕೆ ಸಹಕರಿಸುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿಯ ತಾಪ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಸೋಲ್‌ಗೂ ಸರ್ ಪಾಸ್‌ಗೂ ಇರುವ 2,600 ಮೀಟರ್ ಅಂತರಕ್ಕೆ ಇದು ಸುಮಾರು 17 ಡಿಗ್ರಿ. ಕೆಳಗೆ ನಸುಕಿನಲ್ಲಿ 12 ಡಿಗ್ರಿಯಿದ್ದರೆ ಮೇಲೆ ನೀರು ಹೆಪ್ಪುಗಟ್ಟುತ್ತಿರುತ್ತದೆ. ಗಾಳಿ ಬೀಸಿತೆಂದರೆ ಮೈಗಂಟಿದ ಬೆಚ್ಚನೆಯ ಗಾಳಿಪದರ ಹಾರಿಹೋಗುತ್ತದೆ. 1940ರ ದಶಕದಲ್ಲಿ ಸೈಪಲ್ ಮತ್ತು ಪ್ಯಾಸಲ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗಿನ ನೀರು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ಅಳೆದು ಇದರ ಲೆಕ್ಕಕ್ಕೆ ಅಡಿಪಾಯ ಹಾಕಿದರು. 2001ರಲ್ಲಿ ಪರಿಷ್ಕೃತವಾದ ಸೂತ್ರದಂತೆ, ಗಾಳಿಯ ತಾಪ 5 ಡಿಗ್ರಿ ಇದ್ದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದ್ದರೆ ಬರಿಯ ಚರ್ಮಕ್ಕೆ ಅದು ಮೈನಸ್ 1 ಡಿಗ್ರಿಯಂತೆ ತೋರುತ್ತದೆ. ಇದು ಒಣ ಚರ್ಮದ ಮಾತು.

ಪದರ ಉಡುಪಿನ ಉಪಯೋಗ ಇಲ್ಲಿಯೇ. ಒಂದು ದಪ್ಪ ಬಟ್ಟೆಯ ಬದಲು ಮೂರು ತೆಳು ಬಟ್ಟೆಗಳಿದ್ದರೆ ಅವುಗಳ ನಡುವೆ ಅವಾಹಕವಾದ ಗಾಳಿ ನಿಲ್ಲುತ್ತದೆ; ಇದನ್ನು ಶಾಲೆಯಲ್ಲಿಯೇ ಕಲಿತಿದ್ದೇವೆ. ಅದಕ್ಕಿಂತ ಮುಖ್ಯವಾದುದು, ಬೇಕೆಂದಾಗ ತೆಗೆದು ಬೇಕೆಂದಾಗ ತೊಡುವ ಅನುಕೂಲ. ಉಡುಪಿನ ಉಷ್ಣರೋಧವನ್ನು ಅಳೆಯಲು 1941ರಲ್ಲಿ ‘ಕ್ಲೊ’ ಎಂಬ ಮಾನವನ್ನು ಸೂಚಿಸಲಾಯಿತು. 21 ಡಿಗ್ರಿಯ ಕೋಣೆಯಲ್ಲಿ ವಿಶ್ರಾಂತಿಯಿಂದ ಕುಳಿತವನಿಗೆ ಹಿತವೆನಿಸುವ ಉಡುಪು ಒಂದು ಕ್ಲೊ. ಚಾರಣಿಗನಿಗೆ ದಿನವಿಡೀ ಒಂದೇ ಕ್ಲೊ ಸಾಲದು. ಏರುವಾಗ ಕಡಿಮೆ, ನಿಂತಾಗ ಹೆಚ್ಚು ಬೇಕು. ಅನುಭವಿಗಳು ಸ್ವಲ್ಪ ಚಳಿಯಿರುವಾಗಲೇ ನಡೆಯತೊಡಗುತ್ತಾರೆ, ನಿಂತ ಕೂಡಲೇ ಚಳಿಯಾಗುವ ಮುನ್ನವೇ ಸ್ವೆಟರ್ ಏರಿಸುತ್ತಾರೆ. ನಮ್ಮ ತರುಣ ಮಾಡಿದ್ದು ಸರಿಯಾಗಿ ಇದರ ತಿರುಗುಮುರುಗು.

ಮೈಗಂಟುವ ಒಳಪದರದ ಆಯ್ಕೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಹತ್ತಿ ಬಹುಪಾಲು ಸೆಲ್ಯುಲೋಸ್. ಅದರ ಅಣುಸರಪಳಿಯ ತುಂಬ ಇರುವ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಬಲವಾಗಿ ಹಿಡಿದಿಡುತ್ತವೆ. ನಮ್ಮ ಬಯಲುಸೀಮೆಯ ಸೆಕೆಗೆ ಇದು ವರ, ಹಿಮದ ಗಾಳಿಗೆ ಶಾಪ. 65 ಶೇಕಡ ಸಾಪೇಕ್ಷ ಆರ್ದ್ರತೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು 8 ಶೇಕಡ ತೇವವನ್ನು ಹೀರಿಕೊಂಡರೆ ಪಾಲಿಯೆಸ್ಟರ್ ಹೀರುವುದು 0.4 ಶೇಕಡ ಮಾತ್ರ. ಪಾಲಿಯೆಸ್ಟರ್ ಎಳೆಯೊಳಗೆ ನೀರು ಹೊಗುವುದಿಲ್ಲ. ಎಳೆಗಳ ನಡುವಿನ ಸಂದುಗಳಲ್ಲಿ ಲೋಮನಾಳ ಕ್ರಿಯೆಯಿಂದ ಹರಡಿ ಬೇಗ ಆರುತ್ತದೆ. ಅಗ್ಗದ ಆಟದ ಟೀ ಶರಟೇ ಸಾಕಾಗುವುದರಿಂದ ದುಬಾರಿ ಅಂಗಡಿಗೆ ಹೋಗಬೇಕಾಗಿಲ್ಲ. ಜೀನ್ಸ್ ಕೂಡ ಹತ್ತಿಯೇ, ಅದರಲ್ಲೂ ದಪ್ಪ ಹತ್ತಿ. ಸರ್ ಪಾಸ್‌ನ ಆಚೆಬದಿಯಲ್ಲಿ ಹಿಮದ ಇಳಿಜಾರಿನ ಮೇಲೆ ಕುಳಿತು ಜಾರುತ್ತ ಇಳಿಯುವುದು ಎಲ್ಲರಿಗೂ ಮೋಜು. ಆ ಮೋಜಿನ ನಂತರ ಜೀನ್ಸ್ ತೊಟ್ಟವರ ಪಾಡು ನೋಡಬೇಕು.

ಉಣ್ಣೆಯ ಗುಣ ವಿಚಿತ್ರ. ಅದು ಹತ್ತಿಗಿಂತಲೂ ಹೆಚ್ಚು ನೀರಾವಿಯನ್ನು, ಅದೇ ಆರ್ದ್ರತೆಯಲ್ಲಿ ಸುಮಾರು 16 ಶೇಕಡದಷ್ಟು, ಹೀರುತ್ತದೆ. ಆದರೂ ಬೆಚ್ಚಗಿರುತ್ತದೆ. ಹೀರಿದ ನೀರು ಎಳೆಯ ಒಳಗೆ ಸೇರುತ್ತದೆ, ಹೊರಮೈ ನೀರನ್ನು ಒಲ್ಲದು. ಗುಂಗುರಾದ ಎಳೆಗಳು ಒದ್ದೆಯಾದರೂ ಒಂದಕ್ಕೊಂದು ಅಂಟದೆ ಗಾಳಿಯನ್ನು ಹಿಡಿದಿಡುತ್ತವೆ. ಆವಿ ಹೀರುವಾಗ ಸ್ವಲ್ಪ ಶಾಖವೂ ಬಿಡುಗಡೆಯಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದ ನಮ್ಮ ಹಿರಿಯರಿಗೆ, ಉಣ್ಣೆಯ ‘ಚೋಲಾ’ ತೊಟ್ಟು ಸೊಂಟಕ್ಕೆ ಉಣ್ಣೆಯ ಹಗ್ಗ ಸುತ್ತಿಕೊಳ್ಳುವ ಹಿಮಾಚಲದ ಗದ್ದಿ ಕುರಿಗಾಹಿಗಳಿಗೆ ಈ ಲೆಕ್ಕಗಳು ಬೇಕಾಗಿರಲಿಲ್ಲ. ಪದರಗಳೂ ಹೊಸತಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲೊರಿಯ ದೇಹ 1999ರಲ್ಲಿ ಸಿಕ್ಕಾಗ ಅದರ ಮೇಲೆ ರೇಷ್ಮೆ, ಹತ್ತಿ, ಉಣ್ಣೆಗಳ ಹಲವು ಪದರಗಳು, ಹೊರಗೆ ಗ್ಯಾಬರ್ಡಿನ್ ಬಟ್ಟೆ ಇದ್ದುದು ಕಂಡುಬಂತು.

ನಡುವಿನ ಪದರಕ್ಕೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಎಂಬ ಪಾಲಿಯೆಸ್ಟರ್ ಬಟ್ಟೆ ಸಾಕು. ಹಕ್ಕಿಯ ಮೃದುಗರಿ ತುಂಬಿದ ಜಾಕೆಟ್ ಹಗುರ, ಬಲು ಬೆಚ್ಚಗೆ. ಒದ್ದೆಯಾದರೆ ಮಾತ್ರ ಮುದ್ದೆಯಾಗಿ ನಿಷ್ಪ್ರಯೋಜಕ. ಹೊರಪದರದ ಕೆಲಸ ಗಾಳಿ ಮಳೆಗಳನ್ನು ತಡೆಯುವುದು. ಪ್ಲಾಸ್ಟಿಕ್ ಹಾಳೆ ಮಳೆಯನ್ನು ತಡೆದೀತು, ಒಳಗಿನ ಆವಿಯನ್ನೂ ತಡೆಯುತ್ತದೆ. 1969ರಲ್ಲಿ ರಾಬರ್ಟ್ ಗೋರ್ ಅವರು ಟೆಫ್ಲಾನನ್ನು ಥಟ್ಟನೆ ಎಳೆದು ಹಿಗ್ಗಿಸಿ ಸೂಕ್ಷ್ಮ ರಂಧ್ರಗಳ ಪೊರೆಯನ್ನು ಪಡೆದರು. ನೀರಿನ ಹನಿಗೆ ಆ ರಂಧ್ರ ತೀರ ಕಿರಿದು, ಆವಿಯ ಅಣುವಿಗೆ ಧಾರಾಳ. ಆದರೆ ಇಂಥ ಪೊರೆಯೂ ಗಂಟೆಗೆ ಅರ್ಧ ಲೀಟರ್ ಬೆವರನ್ನು ಸಾಗಿಸಲಾರದು. ಏರುವಾಗ ಜಿಪ್ ತೆರೆಯಬೇಕು, ಇಲ್ಲವೆ ಕಳಚಬೇಕು.

ತಣ್ಣಗಿದೆಯೆಂದು ಬಿಸಿಲನ್ನು ಕಡೆಗಣಿಸಬಾರದು. ಸಾವಿರ ಮೀಟರ್ ಏರಿದರೆ ಅತಿನೇರಿಳೆ ಕಿರಣಗಳ ತೀವ್ರತೆ ಸುಮಾರು ಹತ್ತು ಶೇಕಡ ಹೆಚ್ಚುತ್ತದೆ. ಹೊಸ ಹಿಮ ಅವುಗಳಲ್ಲಿ 80 ಶೇಕಡದಷ್ಟನ್ನು ಕೆಳಗಿನಿಂದ ಮುಖಕ್ಕೆ ಪ್ರತಿಫಲಿಸಬಲ್ಲದು. ತುಂಬುತೋಳಿನ ತೆಳು ಅಂಗಿ, ಅಂಚಿರುವ ಟೋಪಿ, ಕಪ್ಪು ಕನ್ನಡಕ ಬೇಕೇಬೇಕು.

ಜೊತೆಗಾರ ನಡುಗುತ್ತ ತೊದಲತೊಡಗಿದರೆ, ಎಡವತೊಡಗಿದರೆ, ಅವನು ‘ನನಗೇನೂ ಆಗಿಲ್ಲ’ ಎಂದರೂ ನಂಬಬೇಡಿ. ತಣಿದ ಮಿದುಳು ಸರಿಯಾಗಿ ಯೋಚಿಸಲಾರದು. ಗಾಳಿಯ ಮರೆ, ಒಣ ಬಟ್ಟೆ, ನುಂಗಬಲ್ಲವನಾದರೆ ಬಿಸಿ ಸಿಹಿ ಪಾನೀಯ. ಮದ್ಯ ಕೂಡದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಶಾಖ ಇನ್ನಷ್ಟು ಸೋರುವಂತೆ ಮಾಡುತ್ತದೆ. ಕೈಕಾಲು ತಿಕ್ಕಬಾರದು. ಬೆಚ್ಚಗಾಗದಿದ್ದರೂ ನಡುಕ ನಿಂತುಹೋದರೆ ಸ್ಥಿತಿ ಗಂಭೀರವೆಂದೇ ತಿಳಿದು ವೈದ್ಯ ನೆರವಿಗೆ ಧಾವಿಸಬೇಕು.

ತರಗತಿಯಲ್ಲಿ ಇದನ್ನು ಪರೀಕ್ಷಿಸಲು ಬೆಟ್ಟ ಬೇಕಿಲ್ಲ. ಒಂದೇ ಅಳತೆಯ ನಾಲ್ಕು ಡಬ್ಬಿಗಳಲ್ಲಿ ಒಂದೇ ಪ್ರಮಾಣದ, 60 ಡಿಗ್ರಿಯ ನೀರು ಹಾಕಿ. ಒಂದಕ್ಕೆ ಒಣ ಬನಿಯನ್ ಬಟ್ಟೆ, ಇನ್ನೊಂದಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಬನಿಯನ್ ಬಟ್ಟೆ, ಮೂರನೆಯದಕ್ಕೆ ಹಾಗೆಯೇ ಅದ್ದಿ ಹಿಂಡಿದ ಉಣ್ಣೆ, ನಾಲ್ಕನೆಯದಕ್ಕೆ ಹಿಂಡಿದ ಬನಿಯನ್ ಬಟ್ಟೆ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಚೀಲ ಬಿಗಿಯಿರಿ. ಫ್ಯಾನಿನ ಮುಂದಿಟ್ಟು ಐದೈದು ನಿಮಿಷಕ್ಕೊಮ್ಮೆ ತಾಪ ಗುರುತಿಸಿ ನಕ್ಷೆ ಬರೆಯಲು ಹೇಳಿ. ಎರಡನೆಯ ಮತ್ತು ನಾಲ್ಕನೆಯ ಡಬ್ಬಿಗಳ ಗೆರೆಗಳು ಬೇರೆಯಾಗುವುದೇಕೆಂದು ಮಕ್ಕಳೇ ವಾದಿಸಲಿ. ಉಣ್ಣೆಗೆ ಹಳೆಯ ಸ್ವೆಟರಿನ ತೋಳು ಸಾಕು. ಅದು ಅಕ್ರಿಲಿಕ್ ಅಲ್ಲವೆಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.