ಕಡಲಿನ ಅಮಾನತ್ ಮತ್ತು ನಮ್ಮ ಮನೆಯ ಮಹಿಳೆಯರು

ಸಕಲ ಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅವನ ಕೃಪೆ ಮತ್ತು ಶಾಂತಿ ಇರಲಿ.

ಜನರ ಕೈಗಳೇ ಮಾಡಿದ ಕೆಲಸದಿಂದ ನೆಲದಲ್ಲೂ ಕಡಲಲ್ಲೂ ಕೆಡುಕು ಹರಡಿದೆ ಎಂದು ಪವಿತ್ರ ಕುರ್‌ಆನಿನ ಅರ್ರೂಮ್ ಅಧ್ಯಾಯದ 41ನೇ ಸೂಕ್ತ ಎಚ್ಚರಿಸುತ್ತದೆ. ಕೊಕ್ಕನೂರಿಗೂ ಕಡಲಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನಮ್ಮ ಗದ್ದೆಗೆ ಹರಿದ ಭದ್ರಾ ನಾಲೆಯ ನೀರಿನಲ್ಲಿ ಮಿಕ್ಕಿದ್ದು ಹಳ್ಳ ಸೇರುತ್ತದೆ, ಹಳ್ಳ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಾವು ನಾಲೆಗೆ ಎಸೆದದ್ದು ನಮ್ಮ ಕಣ್ಣಿಗೆ ಮರೆಯಾಗಬಹುದು, ಅಲ್ಲಾಹನ ಲೆಕ್ಕದಿಂದ ಮರೆಯಾಗುವುದಿಲ್ಲ.

ನಮ್ಮ ರಾಜ್ಯದ ಕರಾವಳಿಯನ್ನೇ ನೋಡೋಣ. ಉತ್ತರ ಕನ್ನಡದ ಕುಮಟಾ ಬಳಿ ಅಘನಾಶಿನಿ ನದಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಆ ಅಳಿವೆಯನ್ನು 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು. ಮೀನು, ಏಡಿ, ಬಳಚು, ಉಪ್ಪು, ಗಜನಿ ಗದ್ದೆಯ ಭತ್ತ ಇವುಗಳಿಂದ ಸಾವಿರಾರು ಕುಟುಂಬಗಳು ಅಲ್ಲಿ ಬದುಕುತ್ತಿವೆ. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಹೆಕ್ಕುವವರಲ್ಲಿ ಬಹಳ ಮಂದಿ ಹೆಂಗಸರು. ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೆ, ಯಾವ ವರ್ಷ ಕಡಿಮೆಯಾಯಿತು ಎಂಬುದು ಅವರಿಗೆ ಮೊದಲು ತಿಳಿಯುತ್ತದೆ. ದಡದ ಕಾಂಡ್ಲಾ ಗಿಡಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ, ಅಲೆಯ ಹೊಡೆತ ತಗ್ಗಿಸುತ್ತದೆ. ಮೀನು ಸಿಗಡಿಗಳ ಮರಿಗಳು ಅದರ ನೆರಳಿನಲ್ಲೇ ಬೆಳೆಯುತ್ತವೆ. ಕಾಂಡ್ಲಾ ಕಡಿದರೆ, ನೀರು ಕೆಟ್ಟರೆ, ಮೊದಲು ಬರಿದಾಗುವುದು ಆ ತಾಯಂದಿರ ಬುಟ್ಟಿ.

ಇಸ್ಲಾಮಿನ ಚರಿತ್ರೆಯಲ್ಲಿ ನೀರಿನ ಜೊತೆ ಮಹಿಳೆಯರ ಹೆಸರು ಬೆಸೆದುಕೊಂಡಿದೆ. ಝಮ್‌ಝಮ್ ಚಿಮ್ಮಿದಾಗ ಹಾಜರಾ(ಅ) ಸುತ್ತ ಮಣ್ಣು ಕಟ್ಟಿ ಆ ನೀರನ್ನು ಕಾಪಾಡಿದರು. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ ಹಜ್ ಯಾತ್ರಿಕರಿಗಾಗಿ ಮಕ್ಕಾಕ್ಕೆ ಕಾಲುವೆ ತರಿಸಿದರು. ಅದಕ್ಕೆ ಇಂದಿಗೂ ಐನ್ ಝುಬೈದಾ ಎಂದೇ ಹೆಸರು. ಮಹಿಳೆ ತನ್ನ ಮನೆಯ ಮೇಲ್ವಿಚಾರಕಿ, ಅದರ ಬಗ್ಗೆ ಅವಳು ವಿಚಾರಿಸಲ್ಪಡುವಳು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮನೆಯಿಂದ ಹೊರಹೋಗುವ ಕಸವೂ ಆ ಹೊಣೆಯೊಳಗೇ ಬರುತ್ತದೆ.

ಸಹೋದರಿಯರೇ, ಪ್ಲಾಸ್ಟಿಕ್ ಚೀಲ, ಮಕ್ಕಳ ಡೈಪರ್, ಪ್ಯಾಡ್ ಇವು ನೀರಿನಲ್ಲಿ ಕೊಳೆಯುವುದಿಲ್ಲ. ಅವನ್ನು ನಾಲೆಗೆ ಹಾಕದೆ ಬೇರೆಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ. ಕರಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ನಾಟಿಗೆ, ಕಳೆಗೆ ಹೋಗುವವರು ಔಷಧಿಯ ಡಬ್ಬಿಯನ್ನು ನಾಲೆಯಲ್ಲಿ ತೊಳೆಯಲು ಬಿಡಬೇಡಿ. ಕೆಳಗಿನ ಊರಿನ ದನ ಕುಡಿಯುವುದೂ ಅದೇ ನೀರು. ಬಕ್ರೀದ್‌ನಲ್ಲಿ ಖುರ್ಬಾನಿಯ ತ್ಯಾಜ್ಯವನ್ನು ಗುಂಡಿ ತೋಡಿ ಹೂಳಿಸಿ. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂಬುದನ್ನು ಮಕ್ಕಳಿಗೆ ಮಾಡಿ ತೋರಿಸಿ.

ಗಂಡಸರಿಗೂ ಒಂದು ಮಾತು. ಹೊಣೆಯನ್ನೆಲ್ಲ ಹೆಂಗಸರ ತಲೆಗೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗುಂಡಿ ತೋಡಬೇಕಾದವರು, ಔಷಧಿ ಹೊಡೆಯುವವರು, ಪಂಚಾಯ್ತಿಯಲ್ಲಿ ಕಸದ ಗಾಡಿ ಕೇಳಬೇಕಾದವರು ಹೆಚ್ಚಾಗಿ ನಾವೇ. ಊರಿನ ನೀರು, ಕಸದ ಬಗ್ಗೆ ಜಮಾಅತ್ ಸಭೆ ಕೂತಾಗ ತಾಯಂದಿರ ಅಭಿಪ್ರಾಯ ಕೇಳದೆ ತೀರ್ಮಾನ ಮಾಡಬಾರದು. ನೀರು ಕೆಟ್ಟಿದ್ದನ್ನು ಮೊದಲು ಕಾಣುವವರು ಅವರೇ. ಈ ಲೇಖನವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ಇದರಲ್ಲಿ ಒಂದು ಕೆಲಸವನ್ನಾದರೂ ಈ ವಾರ ಜೊತೆಯಾಗಿ ಆರಂಭಿಸಿ.

ನೆಲ, ನದಿ, ಕಡಲುಗಳ ಅಮಾನತನ್ನು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.