ಮನೆಗೆ ತಕ್ಕ ನಾಯಿಮರಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ದೊರೆತಿದೆ. ಅದು ಕಾಳಿ ಎಂಬ ನಾಯಿಯ ನೆನಪಿಗಾಗಿ ನೆಟ್ಟ ಕಲ್ಲು. ಗಂಗರ ದೊರೆ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಬೇರೇನನ್ನೂ ಬೇಡದೆ ಈ ಬೇಟೆನಾಯಿಯನ್ನೇ ಬೇಡಿ ಪಡೆದನಂತೆ. ಮುಂದೆ ಕಾಳಿಯು ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಕಲ್ಲಿನ ಮೇಲೆ ಆ ಕಾಳಗದ ಚಿತ್ರವಿದೆ. ಇಂದು ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೇರನಿಗೆ ತನಗೆ ಎಂತಹ ನಾಯಿ ಬೇಕು ಎಂಬುದು ತಿಳಿದಿತ್ತು. ಅವನದು ಬೇಟೆಯ ಬದುಕು, ಕಾಳಿ ಬೇಟೆಯ ನಾಯಿ. ನಿಮ್ಮ ಮನೆಗೆ ಎಂತಹ ನಾಯಿ ಬೇಕು? ನೀವು ಗೋವಾದ ವಾಸ್ಕೋದಲ್ಲಿಯೋ, ಮಡಗಾಂವಿನಲ್ಲಿಯೋ, ಮ್ಹಾಪ್ಸಾದಲ್ಲಿಯೋ ಇರುವವರು ಎಂದು ಭಾವಿಸಿ. ಚಿಕ್ಕ ನಾಯಿಮರಿಯೊಂದನ್ನು ಸಾಕಬೇಕೆಂದು ನಿಮಗೆ ಆಸೆಯಾಗಿದೆ. ಆಸೆ ಒಳ್ಳೆಯದೇ. ಆದರೆ ಮರಿಯ ಮುದ್ದು ಮುಖವನ್ನು ನೋಡುವುದಕ್ಕೆ ಮೊದಲು ನೋಡಬೇಕಾದ ಎರಡು ಸಂಗತಿಗಳಿವೆ. ಒಂದು, ಆ ತಳಿಯ ಹಳೆಯ ಕೆಲಸ. ಇನ್ನೊಂದು, ನಿಮ್ಮದೇ ಮನೆ.

ತಳಿಯ ಹಿಂದೆ ಒಂದು ಕೆಲಸ

ನಾಯಿಗಳ ಪೂರ್ವಜರು ತೋಳಗಳು. ಸಾವಿರಾರು ವರ್ಷಗಳ ಕಾಲ ಮನುಷ್ಯನು ತನಗೆ ಬೇಕಾದ ಗುಣವಿರುವ ನಾಯಿಗಳನ್ನೇ ಆರಿಸಿ ಮರಿ ಮಾಡಿಸುತ್ತ ಬಂದನು. ಓಡುವ ನಾಯಿ, ಕಾಯುವ ನಾಯಿ, ಬಿಲ ತೋಡುವ ನಾಯಿ, ತೊಡೆಯ ಮೇಲೆ ಕೂರುವ ನಾಯಿ ಹೀಗೆ ತಳಿಗಳು ಬೇರೆಬೇರೆಯಾದವು. ಕೆಲಸ ಬಿಟ್ಟುಹೋದರೂ ಅದರ ಗುಣ ನಾಯಿಯನ್ನು ಬಿಡುವುದಿಲ್ಲ.

ನಮ್ಮ ಮುಧೋಳ ನಾಯಿಯನ್ನೇ ನೋಡಿರಿ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಗೋವಾದಲ್ಲಿರುವ ಅನೇಕ ಕನ್ನಡ ಕುಟುಂಬಗಳ ಊರು ಬಾಗಲಕೋಟೆ, ವಿಜಯಪುರದ ಕಡೆಯದು. ಅವರಿಗೆ ಮುಧೋಳ ನಾಯಿಯೆಂದರೆ ಅಭಿಮಾನ. ಆದರೆ ಅದು ಬಯಲಿನಲ್ಲಿ ಮೊಲವನ್ನು ಅಟ್ಟಿಸಿಕೊಂಡು ಓಡುವ ನಾಯಿ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಟ್ಟಿಹಾಕಿದರೆ ಅದಕ್ಕೆ ಹಿಂಸೆ, ಮನೆಯವರಿಗೂ ತೊಂದರೆ. ಹೊಲವಿದ್ದವರ ಮನೆಗೆ ಅದು ಭೂಷಣ. ಹೊಲವಿಲ್ಲದವರು ಚಿಕ್ಕ ನಾಯಿಯತ್ತ ನೋಡುವುದು ಇದೇ ಕಾರಣಕ್ಕೆ. ಆದರೆ ಚಿಕ್ಕ ನಾಯಿಗಳೆಲ್ಲ ಒಂದೇ ಬಗೆಯವಲ್ಲ.

ಮೊದಲು ಮನೆಯನ್ನು ನೋಡಿ

ಒಂದು ಸಂಜೆ ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿರಿ.

ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಅಪ್ಪ ಬಂದರಿಗೆ, ಅಮ್ಮ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದರೆ ನಾಯಿ ಎಂಟು ಗಂಟೆ ಒಂಟಿಯಾಗಿರಬೇಕು. ಒಂಟಿಯಾದ ನಾಯಿ ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ. ಅದು ತುಂಟತನವಲ್ಲ, ಬೇಸರ.

ಮನೆಯಲ್ಲಿ ತೀರ ಚಿಕ್ಕ ಮಗು ಇದೆಯೇ? ಎರಡು ಮೂರು ಕಿಲೋ ತೂಕದ ನಾಯಿಯನ್ನು ಮಗು ಎತ್ತಿ ಕೆಡವಿದರೆ ಅದರ ಮೂಳೆ ಮುರಿಯಬಹುದು. ನೋವಾದ ನಾಯಿ ಕಚ್ಚಲೂಬಹುದು. ಅಜ್ಜ ಅಜ್ಜಿ ಇದ್ದರೆ ಕಾಲಿಗೆ ಅಡ್ಡಬರುವ ಚುರುಕು ನಾಯಿಗಿಂತ ಶಾಂತ ಸ್ವಭಾವದ್ದು ಲೇಸು.

ದಿನಕ್ಕೆ ಎರಡು ಸಲ ಅದನ್ನು ಹೊರಗೆ ಸುತ್ತಾಡಿಸುವವರು ಯಾರು? ಮಳೆ ಸುರಿಯುವಾಗಲೂ ಆ ಕೆಲಸ ತಪ್ಪುವುದಿಲ್ಲ.

ಬೇಸಿಗೆ ರಜೆಯಲ್ಲಿ, ಊರ ಜಾತ್ರೆಗೆ, ಮದುವೆಗೆ ಎಲ್ಲರೂ ಊರಿಗೆ ಹೊರಟಾಗ ನಾಯಿ ಎಲ್ಲಿರುತ್ತದೆ? ಅನೇಕ ಮನೆಗಳು ಮರೆಯುವ ಪ್ರಶ್ನೆ ಇದೇ. ನೆರೆಮನೆಯವರು ನೋಡಿಕೊಳ್ಳುವರೇ ಎಂಬುದನ್ನು ಮರಿ ತರುವ ಮೊದಲೇ ಕೇಳಿ ತಿಳಿದಿರಬೇಕು.

ಕೊನೆಯದಾಗಿ, ಎಷ್ಟು ವರ್ಷ? ಚಿಕ್ಕ ತಳಿಯ ನಾಯಿಗಳು ಸಾಮಾನ್ಯವಾಗಿ 12ರಿಂದ 15 ವರ್ಷ ಬದುಕುತ್ತವೆ. ನೀವು ಐದನೆಯ ತರಗತಿಯಲ್ಲಿದ್ದಾಗ ತಂದ ಮರಿ ನೀವು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೂ ಮನೆಯಲ್ಲಿರುತ್ತದೆ. ಆಗ ಅದು ಮುದಿನಾಯಿ. ಆಗಲೂ ಅದಕ್ಕೆ ಅನ್ನ, ಔಷಧ, ಪ್ರೀತಿ ಬೇಕು.

ಗೋವಾದ ಹವೆ

ಗೋವಾ ಕಡಲತೀರದ ನಾಡು. ಸೆಕೆಯ ಜೊತೆಗೆ ಗಾಳಿಯಲ್ಲಿ ತೇವವೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರುಮಳೆ. ಇದು ನಾಯಿಯ ಆಯ್ಕೆಯಲ್ಲಿ ದೊಡ್ಡ ಮಾತು.

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಬೆವರು ಆರಿದಾಗ ಮೈ ತಂಪಾಗುತ್ತದೆ. ನಾಯಿ ಹಾಗೆ ಬೆವರುವುದಿಲ್ಲ. ಅದರ ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆವರು ಬರುತ್ತದೆ. ಅದು ನಾಲಿಗೆ ಚಾಚಿ, ಬೇಗಬೇಗ ಉಸಿರಾಡಿ, ಬಾಯಿ ಮೂಗುಗಳ ತೇವವನ್ನು ಆರಿಸಿ ಮೈಯನ್ನು ತಂಪು ಮಾಡಿಕೊಳ್ಳುತ್ತದೆ. ಗಾಳಿಯೇ ತೇವವಾಗಿದ್ದರೆ ಈ ತೇವ ಬೇಗ ಆರುವುದಿಲ್ಲ. ಆದ್ದರಿಂದ ಒಣಹವೆಯ ಊರಿಗಿಂತ ಕಡಲತೀರದಲ್ಲಿ ನಾಯಿಗೆ ಸೆಕೆಯ ಬಾಧೆ ಹೆಚ್ಚು.

ಮಳೆಗಾಲದ ತೊಂದರೆಗಳು ಬೇರೆ. ಉದ್ದ ಕೂದಲು ಒದ್ದೆಯಾಗಿಯೇ ಉಳಿದರೆ ಚರ್ಮದಲ್ಲಿ ಹುಣ್ಣು, ಕಜ್ಜಿ ಆಗುತ್ತವೆ. ಕೂದಲ ನಡುವೆ ಉಣ್ಣೆಹುಳುಗಳು ಅಡಗಿ ರಕ್ತ ಹೀರುತ್ತವೆ, ಜ್ವರವನ್ನೂ ತರುತ್ತವೆ. ಇಲಿಗಳ ಮೂತ್ರ ಬೆರೆತ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ.

ಕೆಲವು ಚಿಕ್ಕ ತಳಿಗಳು

ಪೊಮೆರೇನಿಯನ್: ನಮ್ಮಲ್ಲಿ ಈ ಹೆಸರಿನಿಂದ ಕರೆಯುವ ಬಿಳಿಯ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್. ಶುದ್ಧ ಪೊಮೆರೇನಿಯನ್ ತೂಕ ಮೂರು ಕಿಲೋ ಮೀರುವುದು ಕಡಿಮೆ. ಸ್ಪಿಟ್ಜ್ ಅದಕ್ಕಿಂತ ದೊಡ್ಡದು. ಯುರೋಪಿನ ಸ್ಪಿಟ್ಜ್ ನಾಯಿಗಳಿಂದ ಬಂದ ಈ ತಳಿ ತಲೆಮಾರುಗಳಿಂದ ಇಲ್ಲಿಯೇ ಬೆಳೆದು ನಮ್ಮ ಹವೆಗೆ ಹೊಂದಿಕೊಂಡಿದೆ. ಕಾಯುವುದು ಇದರ ಹಳೆಯ ಕೆಲಸ. ಆದ್ದರಿಂದ ಮೆಟ್ಟಿಲ ಮೇಲೆ ಸದ್ದಾದರೂ ಬೊಗಳುತ್ತದೆ. ಬಿಡಿಮನೆಗೆ ಇದು ಒಳ್ಳೆಯ ಗುಣ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ನೆರೆಯವರೊಡನೆ ಜಗಳಕ್ಕೆ ಕಾರಣ. ಒತ್ತಾದ ಕೂದಲನ್ನು ದಿನವೂ ಬಾಚಬೇಕು.

ಪಗ್: 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆಯೇ ನಡೆಯುವ ಪಗ್ ನಾಯಿ ಕಾಣಿಸಿಕೊಂಡಿತು. ಅಲ್ಲಿಂದ ದೇಶದ ತುಂಬ ಎಲ್ಲರಿಗೂ ಪಗ್ ಬೇಕಾಯಿತು. ಆರರಿಂದ ಎಂಟು ಕಿಲೋ ತೂಕದ ಇದು ಹಿಂದೆ ಚೀನಾದ ಅರಮನೆಯಲ್ಲಿ ಸಾಕಿದ್ದ ನಾಯಿ. ಜನರ ಜೊತೆಗಿರುವುದೇ ಇದರ ಕೆಲಸ. ಮಕ್ಕಳೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಅದರ ಚಪ್ಪಟೆ ಮುಖವೇ ಅದಕ್ಕೆ ಶತ್ರು. ಮೂಗು ಗಿಡ್ಡವಾದ್ದರಿಂದ ಗಾಳಿಯ ದಾರಿ ಇಕ್ಕಟ್ಟು. ನಾವು ಮುದ್ದೆನ್ನುವ ಗೊರಕೆ ಎಷ್ಟೋ ಸಲ ಅದು ಉಸಿರಿಗಾಗಿ ಪಡುವ ಕಷ್ಟ. ಗೋವಾದ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಇದನ್ನು ಹೊರಗೆ ಓಡಾಡಿಸಿದರೆ, ಮುಚ್ಚಿದ ಕಾರಿನಲ್ಲಿ ಬಿಟ್ಟರೆ, ಜೀವಕ್ಕೇ ಅಪಾಯ. ಫ್ಯಾಶನ್ನಿಗಾಗಿ ಪಗ್ ತರುವುದು ತಕ್ಕುದಲ್ಲ.

ಡ್ಯಾಕ್ಸ್‌ಹುಂಡ್: ಉದ್ದ ಬೆನ್ನು, ಗಿಡ್ಡ ಕಾಲು. ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಹಿಡಿಯಲು ಬೆಳೆಸಿದ ತಳಿ. ಈಗಲೂ ತೋಟದ ಮಣ್ಣು ತೋಡುತ್ತದೆ, ಹಟಮಾರಿ, ಧೈರ್ಯಶಾಲಿ. ಗಿಡ್ಡ ಕೂದಲಾದ್ದರಿಂದ ಮಳೆಗಾಲದಲ್ಲಿ ಮೈ ಬೇಗ ಒಣಗುತ್ತದೆ. ಆದರೆ ಉದ್ದ ಬೆನ್ನಿನ ಮೂಳೆಗಳ ನಡುವಣ ಬಿಲ್ಲೆಗಳು ಜಾರುವ ಭಯವಿದೆ. ಹಾಗಾದರೆ ಹಿಂಗಾಲುಗಳ ಶಕ್ತಿಯೇ ಹೋಗಬಹುದು. ಲಿಫ್ಟ್ ಇಲ್ಲದ ಮೂರನೆಯ ಮಹಡಿಗಿಂತ ನೆಲಮಟ್ಟದ ಮನೆ ಇದಕ್ಕೆ ಸರಿ. ಎತ್ತರದ ಬಲ್ಕಾಂವ್, ಅಂದರೆ ಗೋವಾದ ಹಳೆಯ ಮನೆಗಳ ಮುಂಬಾಗಿಲ ಜಗಲಿ, ಇದ್ದರೆ ಅಲ್ಲಿಂದ ಜಿಗಿಯದಂತೆ ನೋಡಿಕೊಳ್ಳಬೇಕು.

ಲಾಸಾ ಆಪ್ಸೊ ಮತ್ತು ಶಿತ್ಸು: ಲಾಸಾ ಆಪ್ಸೊ ಟಿಬೆಟಿನ ಮಠಗಳಲ್ಲಿ ಒಳಗಿನ ಕಾವಲು ಮಾಡುತ್ತಿದ್ದ ನಾಯಿ. ಶಿತ್ಸು ಚೀನಾದ ಅರಮನೆಯದು. ಎರಡೂ ಫ್ಲ್ಯಾಟಿನ ಬದುಕಿಗೆ ಹೊಂದುತ್ತವೆ. ಆದರೆ ತಂಪು ನಾಡಿನ ಉದ್ದ ಕೂದಲು ಗೋವಾದ ಮಳೆಗಾಲಕ್ಕೆ ಒಗ್ಗದು. ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ದಿನವೂ ಬಾಚಿ ಒಣಗಿಸುವ ಪುರಸೊತ್ತು ಇರುವವರು ಮಾತ್ರ ಇವನ್ನು ಸಾಕಬೇಕು. ಶಿತ್ಸುವಿನ ಮೂಗೂ ಗಿಡ್ಡ ಎಂಬುದನ್ನು ಮರೆಯಬಾರದು.

ಊರನಾಯಿ: ಇದನ್ನು ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. ಬೆಳೆದಾಗ 15ರಿಂದ 20 ಕಿಲೋ ಆಗಬಹುದಾದ್ದರಿಂದ ಇದು ತೀರ ಚಿಕ್ಕದೂ ಅಲ್ಲ. ಆದರೆ ಗಿಡ್ಡ ಕೂದಲು, ನೀಳ ಮೂಗು, ಗಟ್ಟಿ ಮೈ ಎಲ್ಲವೂ ಈ ಹವೆಯಲ್ಲಿಯೇ ರೂಪುಗೊಂಡವು. ಗೋವಾದಲ್ಲಿ ಬೀದಿಯ ಮರಿಗಳನ್ನು ಆರೈಕೆ ಮಾಡಿ, ಲಸಿಕೆ ಹಾಕಿಸಿ, ಮನೆಗಳಿಗೆ ದತ್ತು ಕೊಡುವ ಪ್ರಾಣಿದಯಾ ಸಂಸ್ಥೆಗಳಿವೆ. ಸ್ವಲ್ಪ ಜಾಗವೂ ಸುತ್ತಾಡಿಸುವ ಮನಸ್ಸೂ ಇದ್ದರೆ ಗೋವಾದ ಮನೆಗೆ ಇದಕ್ಕಿಂತ ತಕ್ಕ ನಾಯಿ ಸಿಗುವುದು ಕಷ್ಟ.

ಮರಿಯನ್ನು ಎಲ್ಲಿಂದ ತರಬೇಕು?

ರಸ್ತೆಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಕಣ್ಣು ತೆರೆದಷ್ಟೇ ಎಳೆಯ ಮರಿಯನ್ನು ಕೊಳ್ಳಬಾರದು. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರವೇ ಏಕೆ? ಆ ದಿನಗಳಲ್ಲಿ ಮರಿಯು ತಾಯಿಯ ಹಾಲಿನಿಂದ ಬಲ ಪಡೆಯುತ್ತದೆ. ಒಡಹುಟ್ಟಿದ ಮರಿಗಳೊಡನೆ ಆಡುತ್ತ, ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಈ ಪಾಠ ತಪ್ಪಿದ ಮರಿ ದೊಡ್ಡದಾದ ಮೇಲೂ ಕಚ್ಚುವುದರ ಅಳತೆ ಅರಿಯದು. ಸಾಧ್ಯವಾದರೆ ಮರಿಯ ತಾಯಿಯನ್ನು ನೋಡಿರಿ. ತಾಯಿಯ ಆರೋಗ್ಯ, ಸ್ವಭಾವಗಳು ಮರಿಯ ಮುಂದಿನ ದಿನಗಳನ್ನು ತೋರಿಸುತ್ತವೆ.

ಲಸಿಕೆ ಮರೆಯದಿರಿ

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಕೂರಬೇಡಿರಿ. ಚಿಕ್ಕ ನಾಯಿಯೂ ಕಚ್ಚಬಹುದು. ಲಸಿಕೆ ಇಲ್ಲದ ನಾಯಿಯಿಂದ ರೇಬೀಸ್ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ.

ಈ ವಿಷಯದಲ್ಲಿ ಗೋವಾ ಇಡೀ ದೇಶಕ್ಕೆ ಒಂದು ಪಾಠ ಕಲಿಸಿದೆ. ಗೋವಾ ಸರ್ಕಾರ ಮತ್ತು ಮಿಷನ್ ರೇಬೀಸ್ ಎಂಬ ಸಂಸ್ಥೆ ಕೂಡಿ ಊರೂರಿನ ನಾಯಿಗಳಿಗೆ ವರ್ಷವರ್ಷವೂ ಲಸಿಕೆ ಹಾಕಿದವು. ಬಲೆ ಹಿಡಿದ ತಂಡಗಳು ಬೀದಿನಾಯಿಗಳನ್ನು ಹಿಡಿದು, ಚುಚ್ಚುಮದ್ದು ಕೊಟ್ಟು, ಗುರುತಿಗಾಗಿ ಬಣ್ಣ ಹಚ್ಚಿ ಅಲ್ಲಿಯೇ ಬಿಟ್ಟವು. ಶಾಲೆಗಳಲ್ಲಿ ಮಕ್ಕಳಿಗೆ ತಿಳಿವಳಿಕೆ ಕೊಟ್ಟವು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆಯಾದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ನಿಯಂತ್ರಣವೆಂದರೆ ನಿರ್ಮೂಲನವಲ್ಲ. ನಿಮ್ಮ ಮನೆಯ ನಾಯಿಗೆ ಲಸಿಕೆ ತಪ್ಪಿದರೆ ಆ ಸರಪಳಿಗೆ ಮತ್ತೆ ಒಂದು ಕೊಂಡಿ ಸೇರುತ್ತದೆ.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು. ಇತರ ರೋಗಗಳ ಲಸಿಕೆ ಆರರಿಂದ ಎಂಟು ವಾರಗಳಲ್ಲಿಯೇ ಆರಂಭವಾಗುತ್ತದೆ. ಯಾವುದೇ ನಾಯಿ ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಹೆದರಿ ಮನೆಯವರಿಗೆ ಹೇಳದೆ ಮುಚ್ಚಿಡುವುದಂತೂ ಕೂಡದು.

ತಂದ ಮೇಲೆ ಬಿಡಬಾರದು

ಮನೆ ನೋಡದೆ ನಾಯಿ ತಂದವರು ಕೆಲವೇ ತಿಂಗಳಲ್ಲಿ ಬೇಸರಗೊಂಡು ಅದನ್ನು ಕಡಲತೀರದಲ್ಲೋ ಮಾರುಕಟ್ಟೆಯಲ್ಲೋ ಬಿಟ್ಟುಬರುವುದುಂಟು. ಮನೆಯ ಅನ್ನ ಉಂಡು ಬೆಳೆದ ಪುಟ್ಟ ನಾಯಿ ಬೀದಿಯಲ್ಲಿ ಬಹುಕಾಲ ಬದುಕಲಾರದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು ಅಪರಾಧ. ಜೀವಿಗಳಲ್ಲಿ ದಯೆಯಿಡುವುದು ಪ್ರತಿ ನಾಗರಿಕನ ಕರ್ತವ್ಯವೆಂದು ನಮ್ಮ ಸಂವಿಧಾನವೂ ಹೇಳುತ್ತದೆ.

ಆದ್ದರಿಂದ ಆಯ್ಕೆಗೆ ಆತುರ ಬೇಡ. ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಕ್ಕಿದರೆ ಮರಿಯನ್ನು ತನ್ನಿರಿ. ಸಿಗದಿದ್ದರೆ ಈ ವರ್ಷ ಬೇಡವೆನ್ನಿರಿ. ಬೇಡವೆನ್ನುವುದೂ ನಾಯಿಯ ಮೇಲಿನ ಪ್ರೀತಿಯೇ. ಅಲ್ಲಿಯವರೆಗೆ ನಿಮ್ಮ ಬೀದಿಯ ನಾಯಿಗೆ ಬಾಗಿಲ ಬಳಿ ಒಂದು ಬಟ್ಟಲು ನೀರಿಡಿರಿ. ಅದಕ್ಕೆ ಜಾಗವೂ ಬೇಡ, ಹಣವೂ ಬೇಡ.

ಅಭ್ಯಾಸ

1. ಆತಕೂರಿನ ಕಲ್ಲನ್ನು ಯಾರ ನೆನಪಿಗಾಗಿ ನೆಡಲಾಯಿತು?
2. ತೇವದ ಹವೆಯಲ್ಲಿ ನಾಯಿಗೆ ಸೆಕೆ ಹೆಚ್ಚಾಗುವುದೇಕೆ?
3. ಎಂಟು ವಾರ ತುಂಬದ ಮರಿಯನ್ನು ಏಕೆ ತರಬಾರದು?
4. ‘ನಿಯಂತ್ರಣವೆಂದರೆ ನಿರ್ಮೂಲನವಲ್ಲ’ ಈ ಮಾತನ್ನು ವಿವರಿಸಿರಿ.
5. ನಿಮ್ಮ ಮನೆಗೆ ಯಾವ ನಾಯಿ ತಕ್ಕುದು, ಅಥವಾ ಯಾವುದೂ ಏಕೆ ತಕ್ಕುದಲ್ಲ ಎಂಬುದನ್ನು ಮನೆಯವರೊಡನೆ ಚರ್ಚಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.