ಅಟ್ಟ ಸೇರಿದ ಲ್ಯಾಪ್‌ಟಾಪ್ ಕೆಳಗಿಳಿಸಿ ನೋಡಿ

ಹೊಸೂರು: ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ತಳದಲ್ಲೋ ತಮಿಳುನಾಡು ಸರ್ಕಾರದ ಮುದ್ರೆ ಇರುವ ಹಳೇ ಲ್ಯಾಪ್‌ಟಾಪ್ ಒಂದು ಬಿದ್ದಿದೆಯಾ? ಹಾಗಾದರೆ ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ ಒಂದು ಸಲ ಕೆಳಗಿಳಿಸಿ, ಧೂಳು ಒರೆಸಿ, ಚಾರ್ಜರ್ ಚುಚ್ಚಿ ನೋಡಿ. ದೀಪ ಹತ್ತಿದರೆ ಅದಕ್ಕೆ ಇನ್ನೂ ಆಯಸ್ಸಿದೆ ಎಂದೇ ಅರ್ಥ.

2011ರ ಸೆಪ್ಟೆಂಬರ್ 15ರಂದು ಆಗಿನ ಮುಖ್ಯಮಂತ್ರಿ ಜೆ. ಜಯಲಲಿತಾ ಶುರು ಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆ ನಮ್ಮ ಗಡಿ ಭಾಗಕ್ಕೂ ಬಂತು. ಸರ್ಕಾರಿ ಮತ್ತು ಅನುದಾನಿತ ಶಾಲೆ-ಕಾಲೇಜುಗಳಲ್ಲಿ ಓದುತ್ತಿದ್ದ ಮಕ್ಕಳಿಗೆ ರಾಜ್ಯದಾದ್ಯಂತ 50 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು. ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು, ಬೇರಿಕೆ ಕಡೆಯ ಎಷ್ಟೋ ಕನ್ನಡದ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂದಿದ್ದೇ ಹೀಗೆ. ಅಂದು ಪ್ಲಸ್ ಟೂ ಓದುತ್ತಿದ್ದ ಹುಡುಗ ಈಗ ಸಿಪ್‌ಕಾಟ್‌ನಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದಾನೆ. ಲ್ಯಾಪ್‌ಟಾಪ್ ಮಾತ್ರ ಅಟ್ಟದಲ್ಲಿ ಹಳೇ ಪುಸ್ತಕಗಳ ಜೊತೆ ಮಲಗಿದೆ.

ಯಾಕೆ ಮಲಗಿತು? ಕೆಟ್ಟುಹೋಯಿತು ಅಂತ ನಾವು ಹೇಳುತ್ತೇವೆ. ನಿಜ ಹೇಳಬೇಕೆಂದರೆ ಬಹಳಷ್ಟು ಕೆಟ್ಟೇ ಇಲ್ಲ. ಅದರಲ್ಲಿ ಬಂದಿದ್ದ ವಿಂಡೋಸ್ 7ಕ್ಕೆ ಕಂಪನಿ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು. ಕಷ್ಟಪಟ್ಟು ವಿಂಡೋಸ್ 10 ಹಾಕಿಸಿಕೊಂಡವರಿಗೆ 2025ರ ಅಕ್ಟೋಬರ್ 14ಕ್ಕೆ ಅದೂ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲೇ ಇರಬೇಕು. 2 ಜಿಬಿ ರ‍್ಯಾಮಿನ ಹಳೇ ಯಂತ್ರಕ್ಕೆ ಆ ಬಾಗಿಲು ಮುಚ್ಚಿದ ಹಾಗೆಯೇ.

ನಮ್ಮ ಅತ್ತೆಯ ಮನೆಯ ಲ್ಯಾಪ್‌ಟಾಪ್ ಅನ್ನು ಒಂದು ರಿಪೇರಿ ಅಂಗಡಿಗೆ ಹಿಡಿದುಕೊಂಡು ಹೋದಾಗ ಆದದ್ದೂ ಇದೇ. "ಸಾರ್, ಇದು ಮುಗೀತು. ಎಕ್ಸ್‌ಚೇಂಜಿಗೆ ಕೊಟ್ಟರೆ 800 ರೂಪಾಯಿ ಕೊಡ್ತೀನಿ, ಹೊಸದು ಕಂತಿನಲ್ಲಿ ತಗೊಳ್ಳಿ" ಅಂದರು. ಮನೆಯಲ್ಲಿ ಬಿ.ಕಾಂ. ಓದುವ ಹುಡುಗಿ ಇದ್ದಾಳೆ, ಅಸೈನ್‌ಮೆಂಟ್ ಟೈಪ್ ಮಾಡಿ ಕೊಡಬೇಕು, ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕು. ಹೊಸದಕ್ಕೆ ಮೂವತ್ತು ಸಾವಿರ ಎಲ್ಲಿಂದ ತರೋದು? ಆ ವರ್ಷ ಮಾವಿನ ತೋಟದಲ್ಲೂ ಏನೂ ಗಿಟ್ಟಿರಲಿಲ್ಲ.

ಲೇಲ್ಯಾಂಡ್ ಚಾಸಿಸ್ ಇದ್ದ ಹಾಗೆ

ಇಂಥ ಯಂತ್ರಗಳಿಗೆ ಇರುವ ಇನ್ನೊಂದು ದಾರಿಯೇ ಲಿನಕ್ಸ್. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಶುರು ಮಾಡಿದ್ದು. ಕಾಸು ಕೊಡಬೇಕಿಲ್ಲ, ಕದ್ದ ಸಿ.ಡಿ. ಹಾಕಬೇಕಿಲ್ಲ, ಯಾರಿಗೆ ಬೇಕಾದರೂ ಪ್ರತಿ ಮಾಡಿ ಕೊಡಬಹುದು.

ಹೊಸೂರಿನವರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಇಲ್ಲಿನ ಅಶೋಕ್ ಲೇಲ್ಯಾಂಡ್ ಕಾರ್ಖಾನೆಯಿಂದ ಬರೀ ಎಂಜಿನ್, ಚಾಸಿಸ್ ಹೊರಡುವುದನ್ನು ನೀವು ಹೆದ್ದಾರಿಯಲ್ಲಿ ನೋಡಿದ್ದೀರಿ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಬಯಲಲ್ಲೇ ಕೂತು ಓಡಿಸಿಕೊಂಡು ಹೋಗುತ್ತಾನೆ. ಅದೇ ಚಾಸಿಸ್ ಮೇಲೆ ಕರೂರಿನಲ್ಲಿ ಬಸ್ ಬಾಡಿ ಕಟ್ಟುತ್ತಾರೆ, ನಾಮಕ್ಕಲ್ ಕಡೆ ಲಾರಿ ಬಾಡಿ ಕಟ್ಟುತ್ತಾರೆ. ಲಿನಕ್ಸ್ ಅನ್ನೋದು ಆ ಚಾಸಿಸ್. ಉಬುಂಟು, ಮಿಂಟ್, ಡೆಬಿಯನ್ ಅನ್ನೋವು ಅದರ ಮೇಲೆ ಬೇರೆ ಬೇರೆಯವರು ಕಟ್ಟಿದ ಬಾಡಿ. ಕೆಲವದಕ್ಕೆ ಎ.ಸಿ., ಪರದೆ, ಟಿ.ವಿ. ಎಲ್ಲ ಇರುತ್ತೆ. ಲುಬುಂಟು, ಎಂಎಕ್ಸ್, ಆಂಟಿಎಕ್ಸ್, ಪಪ್ಪಿ, ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇವೆಲ್ಲ ಅಲಂಕಾರ ಕಡಿಮೆ ಮಾಡಿದ ಹಗುರ ಬಾಡಿಗಳು. ಎಂಜಿನ್ ಹಳೆಯದಾದರೂ ಎಳೆಯುತ್ತದೆ.

ತಮಾಷೆ ಏನು ಗೊತ್ತಾ? ಸರ್ಕಾರ ಕೊಟ್ಟ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಬಾಸ್ ಎಂಬ ಲಿನಕ್ಸ್ ಕೂಡ ಇತ್ತು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ ನಮ್ಮದೇ ದೇಶದ ತಂತ್ರಾಂಶ ಅದು. ಆನ್ ಮಾಡಿದಾಗ ಬರುವ ಪಟ್ಟಿಯಲ್ಲಿ ಆ ಹೆಸರು ನೋಡಿ 'ಇದೇನೋ ವೈರಸ್' ಅಂದುಕೊಂಡವರೇ ಹೆಚ್ಚು. ಹಾಡು-ಸಿನಿಮಾಕ್ಕೆ ಜಾಗ ಬೇಕು ಅಂತ ಅಳಿಸಿ ಹಾಕಿದವರೂ ಇದ್ದಾರೆ. ಬಳಸೋದನ್ನು ಹೇಳಿಕೊಡದೆ ಬರೀ ಹಂಚಿದರೆ ಇನ್ನೇನಾಗುತ್ತೆ.

ಮೊದಲು ಫೋಟೋ, ಆಮೇಲೆ ಲಿನಕ್ಸ್

ಅತ್ತೆಯ ಲ್ಯಾಪ್‌ಟಾಪ್‌ಗೆ ನಾನೇ ಕೈ ಹಾಕಿದೆ. ಪೆನ್‌ಡ್ರೈವ್‌ಗೆ ಮಿಂಟ್ ಇಳಿಸಿಕೊಂಡು ಹಾಕಿದ್ದೂ ಆಯಿತು. ಮಧ್ಯದಲ್ಲಿ ಅದು 'ಡಿಸ್ಕ್ ಪೂರ್ತಿ ಅಳಿಸಲಾ' ಅಂತ ಕೇಳಿತು. ಆತುರದಲ್ಲಿ ಹ್ಞೂಂ ಅಂದೆ. ಅಳಿಸಿತು. ಅದರಲ್ಲಿ ಮೊಮ್ಮಗುವಿನ ನಾಮಕರಣದ ಫೋಟೋ ಇದ್ದವು ಅಂತ ಅತ್ತೆ ಹೇಳಿದ್ದು ಸಾಯಂಕಾಲ. ಫೋಟೋರೆಕ್ ಎಂಬ ಉಚಿತ ಸಾಧನದಿಂದ ರಾತ್ರಿಯೆಲ್ಲಾ ಹುಡುಕಿಸಿ ಕೆಲವನ್ನು ವಾಪಸ್ ತೆಗೆದೆ, ಹೆಸರಿಲ್ಲದೆ, ಕೆಲವು ಅರ್ಧಕ್ಕೆ ಕತ್ತರಿಸಿದ ಹಾಗೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಫೋಟೋ ಕೊನೆಗೂ ಸಿಗಲಿಲ್ಲ. ಅತ್ತೆ ಹದಿನೈದು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಹಾಗಾಗಿ ಓದುಗರಿಗೆ ಮೊದಲ ಮಾತು: ಪೆನ್‌ಡ್ರೈವ್‌ನಿಂದ ಲಿನಕ್ಸ್ ಅನ್ನು ಕೂರಿಸದೇ ಬರೀ ಓಡಿಸಿ ನೋಡಬಹುದು. ಡಿಸ್ಕಿಗೆ ಏನೂ ಆಗೋದಿಲ್ಲ. ಹಾಗೆ ಓಡಿಸಿ, ಹಳೇ ಡಿಸ್ಕ್ ತೆರೆದು, ಬೇಕಾದ್ದೆಲ್ಲ ಇನ್ನೊಂದು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳಿ. ವಿಂಡೋಸ್ ತೆರೆದುಕೊಳ್ಳದೇ ಸತ್ತಿದ್ದರೂ ಡಿಸ್ಕ್ ಸರಿ ಇದ್ದರೆ ಈ ಉಪಾಯ ನಡೆಯುತ್ತದೆ. ಫೋಟೋ ಉಳಿಸಿಕೊಳ್ಳೋಕೆ ಮಾತ್ರ ಬೇಕೆಂದರೂ ಇದು ಸಾಕು.

ಈ ಪಾಠ ಕಲಿತ ಮೇಲೆ ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರ ಡೆಸ್ಕ್‌ಟಾಪ್‌ಗೆ ಕೈ ಹಾಕುವಾಗ ಹುಷಾರಾಗಿದ್ದೆ. 2009ರಲ್ಲಿ ಕೊಂಡದ್ದು, 1 ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. "ನೋಡಪ್ಪಾ, ಹೊಸ ಕಂಪ್ಯೂಟರ್ ನಂಗೆ ಬೇಡ. ಇದರಲ್ಲಿ ಹತ್ತು ವರ್ಷದ ಮನವಿ ಇದೆ. ಅದು ಹೋಗಬಾರದು ಅಷ್ಟೆ" ಅಂದರು. ಖಾಲಿ ಹುದ್ದೆಗೆ ಕನ್ನಡ ಶಿಕ್ಷಕರನ್ನು ಕೊಡಿ, ಪಠ್ಯಪುಸ್ತಕ ಬೇಗ ಕಳಿಸಿ, ಹತ್ತನೇ ತರಗತಿ ಮಕ್ಕಳಿಗೆ ಕನ್ನಡದಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಅವರು ಬರೆದ ಪತ್ರಗಳು. ಗಡಿಯಲ್ಲಿ ಬದುಕುವವರಿಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯ ಆಗುತ್ತಾ ಬಂದು 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಆ ವರ್ಷಗಳ ಕಥೆಯೆಲ್ಲ ಮೇಷ್ಟ್ರ ಡಿಸ್ಕಿನಲ್ಲಿತ್ತು.

ಫೈಲುಗಳೇನೋ ಪ್ರತಿ ಆದವು. ಆದರೆ ಲಿನಕ್ಸ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕಿ, ಟೋಪಿ. ಮೇಷ್ಟ್ರ ಮುಖ ಇಳಿದುಹೋಯಿತು. "ಹಾಳಾಯ್ತೇನಪ್ಪಾ?" ಅಂದರು.

ಹಾಳಾಗಿರಲಿಲ್ಲ. ಅವರು ಟೈಪ್ ಮಾಡಿದ್ದು ಕನ್ನಡ ಗಣಕ ಪರಿಷತ್ತಿನ ಹಳೇ ನುಡಿಯಲ್ಲಿ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣೋದು. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರ್ ಒಳಗೆ ಫಾಂಟ್ಸ್ ಅಂತ ಇರುತ್ತೆ. ಅಲ್ಲಿಂದ ನುಡಿಯ ಫಾಂಟ್‌ಗಳನ್ನು ತಂದು ಲಿನಕ್ಸ್‌ಗೆ ಸೇರಿಸಿ ಮತ್ತೆ ತೆರೆದಾಗ 'ಮಾನ್ಯರೇ' ಅಂತ ಮೊದಲ ಸಾಲು ಎದ್ದು ಬಂತು. ಬರಹದ ಹಳೇ ಫೈಲುಗಳಿಗೂ ಇದೇ ಮದ್ದು. ಸಂಘದ ನಡಾವಳಿ, ಮದುವೆ ಪತ್ರಿಕೆ, ವಂಶಾವಳಿ ಹೀಗೆ ಟೈಪ್ ಮಾಡಿ ಇಟ್ಟವರು ದಯವಿಟ್ಟು ಆ ಫಾಂಟ್‌ಗಳನ್ನೂ ಜೊತೆಗೇ ಜೋಪಾನ ಮಾಡಿ. ಸಾಧ್ಯವಾದರೆ ಯೂನಿಕೋಡ್‌ಗೆ ಬದಲಾಯಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಅದಕ್ಕೆ ಪರಿವರ್ತಕಗಳು ಉಚಿತವಾಗೇ ಸಿಗುತ್ತವೆ.

ಹೊಸದಾಗಿ ಕನ್ನಡ ಬರೆಯೋದಕ್ಕೆ ಲಿನಕ್ಸ್‌ನಲ್ಲಿ ತೊಂದರೆ ಇಲ್ಲ. ಐಬಸ್, ಎಂ17ಎನ್ ಎಂಬ ಎರಡು ಪ್ಯಾಕೇಜ್ ಹಾಕಿಕೊಂಡರೆ ನುಡಿಯ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಲೋಹಿತ್, ಗುಬ್ಬಿ, ನವಿಲು ಅಂತ ಒಳ್ಳೇ ಯೂನಿಕೋಡ್ ಫಾಂಟ್‌ಗಳೂ ಇವೆ. ನಮ್ಮ ಮನೆ ಮಾತು ಮರಾಠಿ, ಪತ್ರಿಕೆಗೆ ಬರೆಯೋದು ಕನ್ನಡ, ಕಚೇರಿ ಅರ್ಜಿ ತಮಿಳು. ಮೂರನ್ನೂ ಒಂದೇ ಹಳೇ ಯಂತ್ರದಲ್ಲಿ ಒಂದು ಕೀ ಒತ್ತಿ ಬದಲಾಯಿಸುತ್ತಿದ್ದೇನೆ.

ಕೈ ಹಾಕುವವರಿಗೆ

ಮೊದಲು ಯಂತ್ರದ ಜಾತಕ ನೋಡಿ. ಎಷ್ಟು ರ‍್ಯಾಮ್, 32 ಬಿಟ್ಟೋ 64 ಬಿಟ್ಟೋ? ಉಚಿತ ಲ್ಯಾಪ್‌ಟಾಪ್‌ನಂಥವು ಸಾಮಾನ್ಯವಾಗಿ 64 ಬಿಟ್, ಚಿಂತೆ ಇಲ್ಲ. ಅದಕ್ಕೂ ಹಿಂದಿನ ಹಳೇ ಪೆಂಟಿಯಂ 4ಗಳಾದರೆ ದಾರಿ ಕಿರಿದಾಗುತ್ತಿದೆ. ಗೂಗಲ್ ಕ್ರೋಮ್ 32 ಬಿಟ್ ಲಿನಕ್ಸ್ ಅನ್ನು 2016ರಲ್ಲೇ ಕೈಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಕ್ಕೆ ಇನ್‌ಸ್ಟಾಲರ್ ಇಲ್ಲ. ಅಂಥದ್ದಕ್ಕೆ ಆಂಟಿಎಕ್ಸ್ ಅಥವಾ ಪಪ್ಪಿ ಹಾಕಿ ಟೈಪಿಂಗ್ ಕಲಿಯಲು ಇಟ್ಟುಕೊಳ್ಳಬಹುದು, ಬ್ಯಾಂಕ್ ಕೆಲಸಕ್ಕೆ ಬೇಡ.

2 ಜಿಬಿಯಲ್ಲಿ ಲಿನಕ್ಸ್ ಹಗುರವಾಗೇ ಓಡುತ್ತೆ, ಭಾರ ಆಗೋದು ಬ್ರೌಸರ್. ಎರಡು-ಮೂರು ಪುಟಕ್ಕಿಂತ ಹೆಚ್ಚು ತೆರೆದರೆ ಉಸಿರು ಕಟ್ಟುತ್ತೆ. ಸಾಧ್ಯವಾದರೆ ರ‍್ಯಾಮ್ 4 ಜಿಬಿ ಮಾಡಿಸಿ, ಹಳೇ ಹಾರ್ಡ್ ಡಿಸ್ಕ್ ತೆಗೆದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ದುಡ್ಡು ಒಂದಕ್ಕೇ ಇದ್ದರೆ ಎಸ್‌ಎಸ್‌ಡಿಗೇ ಹಾಕಿ ಅನ್ನೋದು ನನ್ನ ಅನುಭವ. ಹಳೇ ರ‍್ಯಾಮ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಮೇಷ್ಟ್ರ ಕಂಪ್ಯೂಟರ್‌ಗೆ ಅಲ್ಲಿಂದಲೇ ತಂದೆ. ಹಳೇ ರ‍್ಯಾಮ್ ಬಿಚ್ಚಿ ಜೊತೆಗೇ ತಗೊಂಡು ಹೋಗಿ, ಇಲ್ಲದಿದ್ದರೆ ಡಿಡಿಆರ್2 ಬದಲು ಡಿಡಿಆರ್3 ತಂದು ಇನ್ನೊಂದು ಸಲ ಬಸ್ ಹತ್ತಬೇಕಾಗುತ್ತೆ.

ಇನ್ನೊಂದು ಸಣ್ಣ ವಿಷಯ ಬಹಳ ಜನರನ್ನು ಕಾಡಿದೆ. ವರ್ಷಗಟ್ಟಲೆ ಮಲಗಿದ್ದ ಕಂಪ್ಯೂಟರ್‌ನ ಒಳಗಿನ ಬಟನ್ ಸೆಲ್ ಸತ್ತಿರುತ್ತೆ. ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತೆ. ಆಗ ಯಾವ ವೆಬ್‌ಸೈಟ್ ತೆರೆದರೂ 'ಸುರಕ್ಷಿತವಲ್ಲ' ಅಂತ ತಡೆಯುತ್ತೆ, ನಾವು ಲಿನಕ್ಸ್ ಸರಿ ಇಲ್ಲ ಅಂತ ಬೈಯುತ್ತೇವೆ. ಗಡಿಯಾರದ ಅಂಗಡಿಯಲ್ಲಿ ಸಿಗುವ ಸಿಆರ್2032 ಸೆಲ್ ಹಾಕಿ ದಿನಾಂಕ ಸರಿ ಮಾಡಿದರೆ ಮುಗಿಯಿತು. ವೈಫೈ ಹಿಡಿಯದಿದ್ದರೆ ಮೊಬೈಲ್ ಅನ್ನು ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು.

ಇನ್ನು ಲಿನಕ್ಸ್ ಯಾರಿಗೆ ಬೇಡ? ಟ್ಯಾಲಿ ಮೇಲೆ ಬದುಕುವ ಅಕೌಂಟೆಂಟ್‌ಗಳಿಗೆ ನಾನು ಹೇಳೋದಿಲ್ಲ, ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಇರುವ ವಿಂಡೋಸ್ ಕೆಡಿಸಿಕೊಳ್ಳಬೇಡಿ. ಝೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸ್ ಜೊತೆ ಜಗಳ ಆಡುತ್ತೆ. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ತಕರಾರಿಲ್ಲದೆ ಹೊಂದಿಕೊಳ್ಳುತ್ತವೆ.

ಕಾಸರಗೋಡಿನ ಮಕ್ಕಳನ್ನು ನೋಡಿ

ಇದೇನು ಬಡವರ ಪಾಡು ಅಂತ ಮೂಗು ಮುರಿಯುವವರು ಇನ್ನೊಂದು ಗಡಿಯ ಕಡೆ ನೋಡಬೇಕು. ಕೇರಳದ ಶಾಲೆಗಳು ಐಟಿ@ಸ್ಕೂಲ್ ಯೋಜನೆಯಡಿ ಎಂದೋ ಲಿನಕ್ಸ್‌ಗೆ ಬದಲಾದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಓದುವುದು ಕನ್ನಡ ಪುಸ್ತಕದಲ್ಲಿ, ಕಲಿಯುವುದು ಲಿನಕ್ಸ್‌ನಲ್ಲಿ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಹತ್ತಿರ ಸುದರ್ಶನ ಲೇಔಟ್ ಎಂಬ ಕೊಳೆಗೇರಿ ಇದೆ. ಅಲ್ಲಿ ಸ್ವತಂತ್ರ ತಂತ್ರಾಂಶ ಬಳಗದ ಸ್ವಯಂಸೇವಕರು ದಾನವಾಗಿ ಬಂದ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ನಡೆಸಿದರು. ಅಲ್ಲಿನ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬರೆಯಲು ಕಲಿತರು. ಹೊಸೂರಿನಿಂದ ಅಲ್ಲಿಗೆ ಒಂದೂವರೆ ಗಂಟೆ ದಾರಿ.

ನಮ್ಮ ಕಡೆಯ ಕನ್ನಡ ಸಂಘಗಳು ನವೆಂಬರ್‌ನಲ್ಲಿ ಪೆಂಡಾಲ್ ಹಾಕುವ ಖರ್ಚಿನಲ್ಲಿ ಸ್ವಲ್ಪ ತೆಗೆದು ಇಂಥ ನಾಲ್ಕು ಯಂತ್ರ ಸರಿ ಮಾಡಿಸಿ ಒಂದು ಶಾಲೆಯಲ್ಲಿ ಇಟ್ಟರೆ ಆಗದೇ? ಕೇಳಿದರೆ ಮುಂದಿನ ಸಭೆಯಲ್ಲಿ ಮಾತಾಡೋಣ ಅನ್ನುತ್ತಾರೆ.

ಅಂದ ಹಾಗೆ ಅತ್ತೆ ಮನೆಯ ಲ್ಯಾಪ್‌ಟಾಪ್‌ನಲ್ಲಿ ಹುಡುಗಿ ಎರಡು ಸೆಮಿಸ್ಟರ್ ಅಸೈನ್‌ಮೆಂಟ್ ಮುಗಿಸಿದ್ದಾಳೆ. ಟ್ಯಾಲಿ ಮಾತ್ರ ಕಾಲೇಜಿನ ಲ್ಯಾಬ್‌ನಲ್ಲೇ. ಬ್ಯಾಟರಿ ಸತ್ತಿರೋದರಿಂದ ಕರೆಂಟ್ ಹೋದರೆ ಇದೂ ಹೋಗುತ್ತೆ, ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡೋದು ಅಭ್ಯಾಸ ಆಗಿದೆ. ಮೇಷ್ಟ್ರು ಮೊನ್ನೆ ಹೊಸ ಮನವಿ ಒಂದನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಮುಗಿಸಿದರು. ಅವರ ಪ್ರಿಂಟರ್ ಅದೇ ಎಲ್‌ಬಿಪಿ 2900. ಪೆನ್‌ಡ್ರೈವ್ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ನಡೆದುಕೊಂಡು ಹೋಗಿ ಎರಡು ಪ್ರತಿ ತೆಗೆಸಿಕೊಂಡು ಬಂದರು.